ರೌಟರ್ ಪ್ಲಗ್ ಕೀಳಬೇಡಿ

ರೀ,

ಚಪ್ಪಲಿ ಗೂಡಿನ ಮೇಲಿರೋ ಕರಿ ಡಬ್ಬಿನೇ ಹೊಸ ರೌಟರ್. ವಿಪಿಎನ್ ಹಾಕಿದ್ದೀನಿ. ನಾನು ಹೋಗ್ತಿರೋ ತರಬೇತಿ ಹಾಸ್ಟೆಲಿನಿಂದ ಫೋನಿನಲ್ಲಿ ಇದಕ್ಕೆ ಸೇರಿಕೊಂಡರೂ ಅದರ ಲೆಕ್ಕಕ್ಕೆ ಮನೆಯಲ್ಲೇ ಇರ್ತೀನಿ. ರೌಟರಿನ ಆ್ಯಪ್‌ನಲ್ಲಿ ನಿಮ್ಮ ಫೋನಿನ ಹೆಸರಿನ ಕೆಳಗೆ ನನ್ನದೂ ಕಾಣುತ್ತೆ.

ನಿಮ್ಮದು ರಾತ್ರಿ ಪಾಳಿ, ನನ್ನದು ಹಗಲು. ಒಂದೇ ಸೂರಿನಡಿ ಇದ್ದೂ ನಾವು ಹೀಗೆ ಒಟ್ಟಿಗೆ ಇದ್ದದ್ದು ಯಾವಾಗ ಅಂತ ನೆನಪಿಲ್ಲ.

ಈ ವಾರದ ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟಿದ್ದೀನಿ. ಆಮೇಲೆ ನೀವೇ ಮಾಡ್ಕೊಳ್ಳಿ, ಆದರೆ ಅಡುಗೆಮನೆ ಪ್ಲಗ್ಗಿನಲ್ಲಿ. ನಿನ್ನೆಯೂ ರೌಟರ್ ಕಿತ್ತು ಇಸ್ತ್ರಿಪೆಟ್ಟಿಗೆ ಹಾಕಿದ್ರಿ. ಹೇಳಿದ್ದಕ್ಕೆ ಬರೀ ಹೂಂ ಅಂದ್ರಿ.

ಒಳಗಿಂದ ಚಿಲಕ ಹಾಕಿ ಮಲಗಿದರೆ ಬೆಲ್ ಎಷ್ಟು ಹೊಡೆದರೂ ಏಳೋರಲ್ಲ ನೀವು. ಮೆಟ್ಟಿಲ ಮೇಲೆ ಕೂತು ಕಾಯೋದು ನನಗೆ ಅಭ್ಯಾಸ ಆಗಿದೆ. ಅಷ್ಟು ದೂರದಿಂದ ಬಂದಾಗಲೂ ಪ್ಲಗ್ ಕಿತ್ತು ಹೊರಗೇ ನಿಲ್ಲಿಸಬೇಡಿ.