ನಿಲ್ಲಿಸಿದಾಗ ಓಡಿದ ಕ್ಯಾಮೆರಾ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ಮಗನ ಮದುವೆಗೆ ಎಂಥ ವಿಡಿಯೋ ಕ್ಯಾಮೆರಾ ಕೊಳ್ಳಲಿ ಎಂದು ನೀನು ಕೇಳಿದ್ದೆ. ಇಷ್ಟು ವರ್ಷ ಕ್ಯಾಮೆರಾ ಅಂಗಡಿಯ ಕೌಂಟರಿನಲ್ಲಿ ನಿಂತವಳು ಹೇಳುತ್ತೇನೆ, ಕೇಳು. ಡಿಜಿಟಲ್ ಜೂಮ್ ನೂರಾರು ಪಟ್ಟು ಎಂದು ಬರೆದಿದ್ದರೆ ಮರುಳಾಗಬೇಡ, ಹತ್ತಿರ ಬರುವ ಹೊತ್ತಿಗೆ ಮುಖವೆಲ್ಲ ಕಲಸಿಹೋಗಿರುತ್ತದೆ. ಲೆನ್ಸಿನ ಜೂಮ್ ಎಷ್ಟೆಂದಷ್ಟೇ ನೋಡು. ಭಾವನ ಕೈ ನಡುಗುತ್ತದೆ, ಅದನ್ನು ತಡೆದುಕೊಳ್ಳುವಂಥದ್ದೇ ಆಗಬೇಕು. ಮೆಮೊರಿ ಕಾರ್ಡಿನಲ್ಲಂತೂ ಜಿಪುಣತನ ಬೇಡ. ರಸ್ತೆಬದಿಯಲ್ಲಿ ಅರ್ಧ ಬೆಲೆಗೆ ಸಿಗುವವು ತುಂಬಿದ ಮೇಲೂ ತುಂಬಿಲ್ಲವೆಂದು ನಟಿಸಿ, ತೆಗೆದದ್ದನ್ನೆಲ್ಲ ನುಂಗಿ ನೀರು ಕುಡಿಯುತ್ತವೆ. ಒಂದೇ ದೊಡ್ಡದರ ಬದಲು ಎರಡು ಸಾಧಾರಣದವು ತಗೋ, ಒಂದು ಕೈಕೊಟ್ಟರೂ ಇನ್ನೊಂದಿರುತ್ತದೆ. ಒಳ್ಳೆಯ ಕಾರ್ಡು ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೂ ಹಾಳಾಗದೆ ಉಳಿದೀತು.

ಹೇಗೆ ಗೊತ್ತು ಅಂತೀಯಾ? ಎಕ್ಸ್‌ಚೇಂಜಿಗೆಂದು ಹೋದ ವಾರ ಹಳೆಯ ಕ್ಯಾಮೆರಾ ಕಳಿಸಿದೆಯಲ್ಲ, ಅದರೊಳಗೆ ನನ್ನ ನಿಶ್ಚಿತಾರ್ಥದ ದಿನದ ಕಾರ್ಡು ಹಾಗೇ ಇತ್ತು.

ಅದರಲ್ಲಿ ಏನೂ ಬಂದಿಲ್ಲ ಎಂದು ಭಾವ ಆಗ ಹೇಳಿದ್ದರು. ಬಂದಿದೆ ಅಕ್ಕ. ಅವರು ಗುಂಡಿಯನ್ನು ಒಂದು ಸಲ ಹೆಚ್ಚಾಗಿ ಒತ್ತಿದ್ದರು, ಅಷ್ಟೆ. ಶುರುವಾಯಿತು ಅಂದುಕೊಂಡಾಗ ನಿಂತಿದೆ, ನಿಲ್ಲಿಸಿದೆ ಅಂದುಕೊಂಡಾಗ ಓಡಿದೆ. ಉಂಗುರ ತೊಡಿಸಿದ್ದಿಲ್ಲ, ನನ್ನ ಮುಖವಿಲ್ಲ. ಬರೀ ನೆಲ, ಚಪ್ಪಲಿ, ಕುರ್ಚಿಯ ಕಾಲು. ಆಮೇಲೆ ಭಾವ ಊಟಕ್ಕೆ ಹೋಗುವಾಗ ಅದನ್ನು ನಿನ್ನ ಹೆಗಲಿಗೆ ನೇತುಹಾಕಿದರು. ನೀನು ಹುಡುಗನ ತಾಯಿಯನ್ನು ಪಕ್ಕಕ್ಕೆ ಕರೆದು ಆಡಿದ ಮಾತು ಒಂದಕ್ಷರ ಬಿಡದೆ ಕೇಳಿಸುತ್ತದೆ: "ನಾನು ಹೇಳ್ದೆ ಅಂತ ಹೇಳ್ಬೇಡಿ. ಅವಳಿಗೆ ಚಿಕ್ಕಂದಿನಿಂದ ಮೂರ್ಛೆ ಬರುತ್ತೆ."

ನನಗೆ ನೆಗಡಿ ಬಿಟ್ಟರೆ ಬೇರೆ ಕಾಯಿಲೆಯೇ ಬಂದಿರಲಿಲ್ಲ. ಆ ವಾರವೇ ಅವರು ಸಂಬಂಧ ಮುರಿದರು. ನೀನು ನನ್ನ ಬೆನ್ನು ಸವರಿ, "ಹೋಗ್ಲಿ ಬಿಡು, ಅಮ್ಮಂಗೆ ನೀನಿದೀಯಲ್ಲ" ಅಂದೆ. ಇದ್ದೆ. ಹಾಸಿಗೆ ಹಿಡಿದ ಅಮ್ಮನ ಮಗ್ಗುಲು ಬದಲಿಸಿದವಳು ನಾನು, ಹಣ್ಣು ಹಿಡಿದು ನೆಂಟರ ಹಾಗೆ ಬಂದುಹೋದವಳು ನೀನು. ಆ ಸೇವೆ ನಿನ್ನ ತಲೆಗೆ ಬರಬಾರದೆಂದು ತಾನೇ ನನ್ನ ಬದುಕಿಗೆ ಕಲ್ಲು ಹಾಕಿದ್ದು? ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಹಾಕಿ ಕೇಳಿದೆ, ಸಿಟ್ಟು ಆರಬಾರದು ಅಂತ. ಆರಿಲ್ಲ.

ಭಾವ ನಿನ್ನೆ ಬಂದು ಹೊಸ ಕ್ಯಾಮೆರಾ ತೆಗೆದುಕೊಂಡು ಹೋದರು. ಮೇಲೆ ಹೇಳಿದ್ದನ್ನೆಲ್ಲ ನೋಡಿ ಒಳ್ಳೆಯದನ್ನೇ ಆರಿಸಿಕೊಟ್ಟಿದ್ದೇನೆ, ಎರಡು ಕಾರ್ಡಿನ ಸಮೇತ.

ನಿನ್ನ ತಂಗಿ

ತಾ.ಕ.: ಗಿರಾಕಿಗೆ ಕೊಡುವ ಮೊದಲು ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸಿ, ಯಾವುದಾದರೂ ಕಾರ್ಡು ಹಾಕಿ ಓಡಿಸಿ ತೋರಿಸುವುದು ನಮ್ಮ ಅಂಗಡಿಯ ಪದ್ಧತಿ. ನಾನು ಆ ಕಾರ್ಡನ್ನೇ ಹಾಕಿದೆ. ಭಾವ ನಿನಗೆ ಹೇಳಿರಲಿಕ್ಕಿಲ್ಲ, ಅವರ ಜೊತೆ ನಿನ್ನ ಸೊಸೆಯಾಗಬೇಕಾದವಳ ತಾಯಿಯೂ ಬಂದಿದ್ದರು. ಮೂರ್ಛೆಯ ಮಾತು ಕೇಳಿ, "ಇದ್ಯಾರ ಧ್ವನಿ?" ಎಂದರು ಆಕೆ. "ನನ್ನ ಹೆಂಡ್ತೀದು" ಎಂದು ಭಾವನೇ ಹೇಳಿದರು. ಆಕೆ, "ಮನೇಲಿ ಮಾತಾಡಿ ಫೋನ್ ಮಾಡ್ತೀವಿ" ಎಂದು ಎದ್ದು ಹೋದರು. ಆ ಫೋನು ಬಂದಾಗ ನೀನೇ ಎತ್ತು.