ತಡೆಚೀಟಿಯ ಮೇಲಿನ ಹೆಸರು

ಸ್ಪ್ರೂಸ್ ಹಾರ್ಬರ್, ಸುಪೀರಿಯರ್ ಸರೋವರದ ಉತ್ತರ ದಡ
ಏಪ್ರಿಲ್ ಮೂವತ್ತೊಂದು, 2149

ನೂರಿಪ್ಪತ್ತು ವರ್ಷಗಳ ಹಿಂದೆ ಇದನ್ನು ಓದುತ್ತಿರುವವರಿಗೆ, ಇರಾವತಿ ಮುಧೋಳ ಬರೆಯುವುದು.

ತಾರೀಖು ತಪ್ಪಾಗಿಲ್ಲ. ನಿಮ್ಮ ಏಪ್ರಿಲ್‌ಗೆ ಮೂವತ್ತೇ ದಿನ. ನಮ್ಮ ಕಾಲದಲ್ಲಿ ಕ್ಯಾಲೆಂಡರ್ ತಿದ್ದಿದಾಗ ಅದಕ್ಕೆ ಇನ್ನೊಂದು ದಿನ ಸೇರಿತು. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಮ್ಮ ಮನೆತನ ಐದು ತಲೆಮಾರಿನಿಂದ ಕೆನಡಾದಲ್ಲಿದೆ. ಮನೆಯಲ್ಲಿ ಆಡುವ ಮಾತು ಇನ್ನೂ ಧಾರವಾಡದ ಕಡೆಯದೇ, ಆದರೆ ನಮ್ಮ ಬದುಕಿನ ಎಷ್ಟೋ ವಸ್ತುಗಳಿಗೆ ನಾವೇ ಹೆಸರು ಕಟ್ಟಿಕೊಂಡಿದ್ದೇವೆ. ಅಂಥ ಪದ ಬಂದಲ್ಲಿ ಅರ್ಥವನ್ನೂ ಹೇಳುತ್ತೇನೆ.

ನನಗೀಗ ಎಂಬತ್ತನಾಲ್ಕು. ಇಲ್ಲಿ ಹೇಳುವುದು ನನ್ನ ಇಪ್ಪತ್ತೆಂಟನೆಯ ವಯಸ್ಸಿನ ಸಂಗತಿ. ಆಗ ನಾನು ಟೊರಾಂಟೊದ ಒಂದು ದೊಡ್ಡ ಜಾಲಕಂಪನಿಯಲ್ಲಿ ಸಹಿಗಾರ್ತಿಯಾಗಿದ್ದೆ. ಜನ ಜಾಲಕ್ಕೆ ಹಾಕುವ ಬರಹಗಳಲ್ಲಿ ಯಾವುದು ಸುಳ್ಳು, ಯಾವುದು ಅಪಾಯ ಎಂದು ಯಂತ್ರ ಆರಿಸುತ್ತಿತ್ತು. ಆದರೆ ಒಬ್ಬ ಮನುಷ್ಯನ ಒಪ್ಪಿಗೆಯಿಲ್ಲದೆ ಏನನ್ನೂ ಮರೆಮಾಡಬಾರದು ಎಂದು ದೇಶದ ಕಾನೂನಿತ್ತು. ಆ ಒಪ್ಪಿಗೆ ಕೊಡುವವರೇ ಸಹಿಗಾರರು. ದಿನಕ್ಕೆ ಒಂಬೈನೂರು ಬರಹಗಳು ಬರುತ್ತಿದ್ದವು, ಒಂದೊಂದಕ್ಕೆ ಅರ್ಧ ನಿಮಿಷ. ಮೊದಲ ತಿಂಗಳು ಓದಿದೆ. ಆಮೇಲೆ ಯಂತ್ರ ಬರೆದ ಕಾರಣದ ಸಾಲನ್ನಷ್ಟೇ ನೋಡಿ ಬೆರಳೊತ್ತತೊಡಗಿದೆ. ನನ್ನ ಹೆಸರು ಹೊರಗೆ ಯಾರಿಗೂ ಕಾಣುತ್ತಿರಲಿಲ್ಲ. ಕಚೇರಿಯೊಳಗೂ ನಾನೊಂದು ಸಂಖ್ಯೆಯಷ್ಟೇ.

ನಮ್ಮಪ್ಪನ ಅಕ್ಕ ಶಿವಲೀಲಾ ಅತ್ತಿ ಆಗ ಇದೇ ಸ್ಪ್ರೂಸ್ ಹಾರ್ಬರಿನಲ್ಲಿದ್ದಳು. ಅರವತ್ತೇಳು ವರ್ಷದ ಒಂಟಿ ಹೆಂಗಸು, ಮೂರು ಸಾವಿರ ಜನರ ಊರು. ಅಡುಗೆಮನೆಯ ಮೇಜಿನ ಮುಂದೆ ಕೂತು ಒಬ್ಬಳೇ 'ದಡದ ಸುದ್ದಿ' ಎಂಬ ಜಾಲಪತ್ರಿಕೆ ನಡೆಸುತ್ತಿದ್ದಳು. ಊರಿನ ಕೌನ್ಸಿಲ್ ಸಭೆ, ಹಾಕಿ ಪಂದ್ಯ, ಫೆರಿ ದೋಣಿ ಹೊರಡುವ ಹೊತ್ತು, ಯಾರ ನಾಯಿ ಕಳೆದಿದೆ, ಎಲ್ಲವೂ ಅದರಲ್ಲಿರುತ್ತಿತ್ತು. ಆ ವಸಂತದಲ್ಲಿ ಹಿಮ ಕರಗುವಾಗ ಊರಿನ ನೀರು ಶುದ್ಧ ಮಾಡುವ ಘಟಕದ ಸೋಸುಯಂತ್ರ ಕೆಟ್ಟಿತು. ಅಲ್ಲಿ ಕೆಲಸಕ್ಕಿದ್ದ ವಾಲ್ಟರ್ ಎಂಬಾತ ಪರೀಕ್ಷೆಯ ವರದಿಯನ್ನು ಅತ್ತಿಗೆ ತಂದು ತೋರಿಸಿದ. ನೀರು ಕುದಿಸದೆ ಕುಡಿಯಬೇಡಿ ಎಂದು ಅತ್ತಿ ಆ ಬೆಳಿಗ್ಗೆಯೇ ಬರೆದಳು. ಘಟಕ ನಡೆಸುತ್ತಿದ್ದ ಖಾಸಗಿ ಸಂಸ್ಥೆ ಅದು ಸುಳ್ಳೆಂದು ದೂರು ಕೊಟ್ಟಿತು. ಮಧ್ಯಾಹ್ನದೊಳಗೆ ಸುದ್ದಿ ಎಲ್ಲರ ಪರದೆಯಿಂದಲೂ ಮಾಯವಾಗಿ, ಅತ್ತಿಯ ಹೆಸರಿನ ಮುಂದೆ 'ಸುಳ್ಳು ಸುದ್ದಿ' ಎಂಬ ಕೆಂಪು ಮುದ್ರೆ ಬಿತ್ತು.

ಮಾರನೆಯ ದಿನ ಅವಳು ನನಗೆ ಫೋನ್ ಮಾಡಿದಳು.

"ಇರಾ, ನನ್ನ ಸುದ್ದೀನ ಯಾರೋ ತಗದಾರ. ನಿಮ್ಮ ಆಫೀಸಿನಾಗ ಒಂದ ಸಲ ನೋಡವಾ."

ನಾನು ಊಟಕ್ಕೆ ಹೊರಟಿದ್ದೆ. ದೂರಿನ ಅರ್ಜಿ ತುಂಬಿ ಕಳಿಸು, ಹತ್ತು ದಿನದಲ್ಲಿ ಉತ್ತರ ಬರುತ್ತದೆ ಎಂದು ಹೇಳಿದೆ. ನೋಡಲಿಲ್ಲ.

ಅವಳು ಅರ್ಜಿಯನ್ನೂ ಕಳಿಸಿದಳು, ಸುಮ್ಮನೆಯೂ ಕೂರಲಿಲ್ಲ. ಕಾಗದದ ಮೇಲೆ ಕೈಯಲ್ಲಿ ಬರೆದು, ಕರಗಿದ ಹಿಮದ ರಾಡಿಯಲ್ಲಿ ರಬ್ಬರ್ ಬೂಟು ಹಾಕಿಕೊಂಡು, ಮನೆಮನೆಯ ಬಾಗಿಲಿಗೆ ಅಂಟಿಸುತ್ತ ಹೋದಳು. ಕೆಲವರು ನೀರು ಕುದಿಸಿಕೊಂಡರು. ಹೆಚ್ಚಿನವರು ಪರದೆಯ ಮೇಲಿನ ಕೆಂಪು ಮುದ್ರೆಯನ್ನು ನಂಬಿ ಕಾಗದ ಹರಿದು ಹಾಕಿದರು. ಹೀಗೆ ಒಂಬತ್ತು ದಿನ ಕಳೆಯಿತು. ಅಷ್ಟರಲ್ಲಿ ಅರವತ್ತು ಜನ ಕಾಯಿಲೆ ಬಿದ್ದು ಮಲಗಿದರು. ಶಾಲೆಯ ಬಸ್ ಓಡಿಸುವ ಹೆಲೆನ್ ಬೂಶಾರ್‌ಳ ಆರು ವರ್ಷದ ಮಗಳು ಕ್ಲೇರ್‌ಗೆ ಮೂತ್ರಪಿಂಡವೇ ಕೆಟ್ಟು, ಅವಳನ್ನು ವಿಮಾನದಲ್ಲಿ ದೊಡ್ಡಾಸ್ಪತ್ರೆಗೆ ಒಯ್ದರು. ಹತ್ತನೆಯ ದಿನ ಸರಕಾರದ ಪರೀಕ್ಷಕರು ಬಂದು, ಅತ್ತಿ ಬರೆದದ್ದು ಅಕ್ಷರಶಃ ನಿಜ ಎಂದರು.

ಆಗ ನಾನು ಕಚೇರಿಯ ದಾಖಲೆ ತೆರೆದೆ. ಆ ಬರಹದ ಎದುರು ಇದ್ದದ್ದು ನನ್ನದೇ ಸಂಖ್ಯೆ. ಕಾರಣದ ಸಾಲಿನಲ್ಲಿ 'ಆಧಾರವಿಲ್ಲದ ಆರೋಗ್ಯ ಭೀತಿ' ಎಂದಿತ್ತು. ಅದಕ್ಕೆ ನಾನು ಕೊಟ್ಟ ಸಮಯ ನಾಲ್ಕು ಸೆಕೆಂಡು.

ಆರು ವಾರ ಯಾರಿಗೂ ಹೇಳಲಿಲ್ಲ. ಕೆಲಸಕ್ಕೆ ಹೋದೆ, ಬಂದೆ. ಅತ್ತಿಯ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಈ ಪ್ರಕರಣದ ವಿಚಾರಣಾ ಆಯೋಗ ಸ್ಪ್ರೂಸ್ ಹಾರ್ಬರಿಗೇ ಬಂದು ಕೂರುತ್ತದೆ ಎಂದು ಗೊತ್ತಾದಾಗ ರಜೆ ಹಾಕಿ ಹೊರಟೆ.

ಐಸ್ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಹಜಾರದಲ್ಲಿ ವಿಚಾರಣೆ. ಬೇಸಿಗೆಯಾದ್ದರಿಂದ ಐಸ್ ತೆಗೆದು ಬರಿಯ ಸಿಮೆಂಟು ನೆಲದ ಮೇಲೆ ಕುರ್ಚಿ ಹಾಕಿದ್ದರು. ಕಂಪನಿಯ ವಕೀಲರು ನಯವಾಗಿ ಮಾತಾಡಿದರು: ನಿರ್ಧಾರ ಯಂತ್ರದ್ದು, ಕ್ರಮ ಕಾನೂನುಬದ್ಧ, ಸಹಿಗಾರರ ಹೆಸರು ಗುಟ್ಟಿನದು. ನಿಮಗೆ ಬೇಕಾದ್ದೇನು ಎಂದು ಆಯೋಗದವರು ಅತ್ತಿಯನ್ನು ಕೇಳಿದರು. ಪರಿಹಾರ ಬೇಡ, ತನ್ನ ಮಾತನ್ನು ಮುಚ್ಚಿಟ್ಟ ಮನುಷ್ಯ ಯಾರೆಂದು ತಿಳಿದರೆ ಸಾಕು ಎಂದಳು ಅವಳು. ನಾನು ಹಿಂದಿನ ಸಾಲಿನಲ್ಲಿದ್ದೆ. ಎದ್ದು ನಿಂತು, ಆ ಸಹಿ ನನ್ನದು ಎಂದೆ.

ವಕೀಲರು ನನ್ನನ್ನು ಕೂರಿಸಲು ನೋಡಿದರು. ಆಯೋಗದ ಅಧ್ಯಕ್ಷೆ ಮುಂದೆ ಕರೆದರು. ಅಷ್ಟರಲ್ಲಿ ಹೆಲೆನ್ ತನ್ನ ಕುರ್ಚಿಯಿಂದ ಎದ್ದು ನನ್ನ ಎದುರಿಗೆ ಬಂದಳು. ಅವಳ ದನಿ ಏರಿರಲಿಲ್ಲ.

"ಅದನ್ನು ಓದಿದ್ದೆಯಾ?"

"ಇಲ್ಲ."

"ಓದಿದ್ದರೆ ಬಿಡುತ್ತಿದ್ದೆಯಾ?"

"ಬಿಡುತ್ತಿದ್ದೆ. ಕೆಳಗೆ ನಮ್ಮ ಅತ್ತಿಯ ಹೆಸರಿತ್ತು."

"ನಿಮ್ಮ ಅತ್ತಿಯದಲ್ಲದಿದ್ದರೆ?"

ಗೊತ್ತಿಲ್ಲ ಎಂದೆ. ಹೆಲೆನ್ ತಲೆಯಾಡಿಸಿ ತನ್ನ ಜಾಗಕ್ಕೆ ಹೋಗಿ ಕೂತಳು.

ಆ ಸಂಜೆ ಅತ್ತಿಯ ಮನೆಗೆ ಹೋಗದೆ ಹಜಾರದ ಮೆಟ್ಟಿಲ ಮೇಲೆ ಕೂತೆ. ಅವಳೇ ಬಂದು ಕರೆದೊಯ್ದಳು. ರೊಟ್ಟಿ ಬಡಿಸಿ ಎದುರಿಗೆ ಕೂತಳು.

"ಊರ ಮಂದಿ ನನಗ ಸುಳ್ಳಬುರಕಿ ಅಂದ್ರು, ಅದಕ್ಕ ಸಿಟ್ಟಿಲ್ಲ. ಫೋನ್ ಮಾಡಿದಾಗ ನೀ ನೋಡಲಿಲ್ಲಲ್ಲ, ಅದಕ್ಕ ಸಿಟ್ಟ ಅದ." ಇನ್ನೊಂದು ರೊಟ್ಟಿ ಹಾಕಿ, "ನಾಳೆ ಕೌನ್ಸಿಲ್ ಮೀಟಿಂಗ್ ಅದ. ನನ್ನ ಮೊಣಕಾಲು ನೋಯಾಕತ್ತಾವ. ನೀ ಹೋಗಿ ಕುಂತ ಬರಕೊಂಡ ಬಾ" ಎಂದಳು.

ಹೋದೆ. ಕಂಪನಿ ನನ್ನನ್ನು ಕೆಲಸದಿಂದ ತೆಗೆದ ಕಾಗದ ಬಂದಾಗ ನಾನು ಒಳಚರಂಡಿಯ ಚರ್ಚೆಯನ್ನು ಬರೆಯುತ್ತಿದ್ದೆ. ಆಮೇಲೆ ಈ ಊರನ್ನೂ ಅತ್ತಿಯ ಪತ್ರಿಕೆಯನ್ನೂ ಬಿಡಲಿಲ್ಲ.

ವಿಚಾರಣೆಯಾದ ಮೂರನೆಯ ವರ್ಷ ಒಟ್ಟಾವದ ಸಂಸತ್ತು ಹೊಸ ಕಾನೂನು ಮಾಡಿತು. ಜನ ಅದನ್ನು ಹೆಸರಿನ ಕಾನೂನು ಎನ್ನುತ್ತಾರೆ. ಇಂದು ಯಾವುದೇ ಬರಹವನ್ನು ಮರೆಮಾಡಿದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲೊಂದು ತಡೆಚೀಟಿ ಕಾಣುತ್ತದೆ. ಯಾರು ತಡೆದರು, ಯಾಕೆ, ಎಷ್ಟು ಹೊತ್ತು ಓದಿ ತಡೆದರು ಎಂದು ಅದರಲ್ಲಿರುತ್ತದೆ. ಬರೆದವರು ಒಪ್ಪದಿದ್ದರೆ ಮೂರು ದಿನದೊಳಗೆ ತಡೆದವರು ಆ ಊರಿಗೇ ಬಂದು ಉತ್ತರ ಹೇಳಬೇಕು. ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದರೆ ಸುಳ್ಳಾದೀತು. ಮೊದಲ ವರ್ಷ ಕೆಲವು ಸಹಿಗಾರರ ಮನೆಗೆ ಬೆದರಿಕೆಗಳು ಹೋದವು, ಹಳೆಯ ಸಹಿಗಾಗಿ ನನಗೂ ಬಂದಿತ್ತು. ಆಮೇಲೆ ಕಾನೂನನ್ನು ತಿದ್ದಿ, ಭೇಟಿ ಓದುಮನೆಯಲ್ಲೇ ಆಗಬೇಕು, ಮಧ್ಯಸ್ಥರು ಇರಬೇಕು ಎಂದರು. ಓದುಮನೆ ಎಂದರೆ ಊರಿನ ಗ್ರಂಥಾಲಯದ ದೊಡ್ಡ ಕೋಣೆ. ಶನಿವಾರ ಅಲ್ಲಿ ಬಿಸಿ ಸೂಪಿನ ಹಂಡೆ ಇಡುತ್ತಾರೆ. ಆ ವಾರದ ತಡೆಚೀಟಿಗಳನ್ನು ಜೋರಾಗಿ ಓದುತ್ತಾರೆ. ಅರ್ಧಕ್ಕರ್ಧ ಬರಹಗಳನ್ನು ತಡೆದದ್ದೇ ಸರಿ ಎಂದು ಊರೇ ಒಪ್ಪುತ್ತದೆ, ಉಳಿದದ್ದಕ್ಕೆ ವಾದ ನಡೆಯುತ್ತದೆ. ಫೆರಿ ಕಟ್ಟೆಯ ಹತ್ತಿರ ಸುದ್ದಿಗಂಬವಿದೆ: ಊರಿನದೇ ತಂತಿಯಲ್ಲಿ ನಡೆಯುವ ಬೆಳಕಿನ ಫಲಕ, ಯಾವ ಕಂಪನಿಯೂ ನಂದಿಸಲಾಗದ್ದು. ಜನ ಮೀನಿನ ಚೀಲ ಕೆಳಗಿಟ್ಟು ನಿಂತು ಓದುತ್ತಾರೆ. ಕ್ಲೇರ್ ಬದುಕಿದಳು. ಅವಳಿಗೀಗ ಅರವತ್ತೆರಡು, ದಿನಕ್ಕೆರಡು ಮಾತ್ರೆ ನುಂಗುತ್ತ ಅದೇ ಫೆರಿಯನ್ನು ನಡೆಸುತ್ತಾಳೆ. ನಮ್ಮ ಪತ್ರಿಕೆ ಫೆರಿಯ ಹೊತ್ತನ್ನು ತಪ್ಪಾಗಿ ಹಾಕುತ್ತದೆ ಎಂದು ಈಗಲೂ ನನ್ನೊಡನೆ ಜಗಳ ತೆಗೆಯುತ್ತಾಳೆ.

ಇನ್ನು, ಈ ಪತ್ರ ಬರೆದ ಕಾರಣ. ಕಾನೂನಿಗೂ ಕಂಪನಿಗಳಿಗೂ ಜಗಳ ಬಂದು ಪರದೆಯ ಮೇಲೆ ಸುದ್ದಿಯೇ ಕಾಣದೆ ಹೋದ ದಿನಗಳು ಈ ದೇಶದಲ್ಲಿ ನಿಮ್ಮ ಕಾಲಕ್ಕೆ ಇದ್ದವು ಎಂದು ಓದಿದ್ದೇನೆ. ಸಣ್ಣ ಊರಿನ ಪತ್ರಿಕೆಗಳು ಒಂದೊಂದಾಗಿ ಬಾಗಿಲು ಹಾಕಿದವಂತೆ. ಓದುಮನೆಯಲ್ಲಿ ನಿಮ್ಮ ವರ್ಷಗಳನ್ನು ಹುಡುಕಿದರೆ ನೀವು ಉಂಡ ಊಟದ ಚಿತ್ರಗಳು ಸಿಗುತ್ತವೆ, ನಿಮ್ಮ ಬೆಕ್ಕುಗಳು ಸಿಗುತ್ತವೆ, ನೀವು ಕುಣಿದದ್ದೂ ಸಿಗುತ್ತದೆ. ಈ ಊರಿನ ಹಳೆಯ ಸೇತುವೆ ಯಾಕೆ ಕುಸಿಯಿತು, ಶಾಲೆ ಮುಚ್ಚಲು ಯಾರು ಕೈಯೆತ್ತಿದರು ಎಂಬುದು ಮಾತ್ರ ಸಿಗುವುದಿಲ್ಲ. ಹನ್ನೊಂದು ವರ್ಷ ಪೂರ್ತಿ ಖಾಲಿ. ಆದ್ದರಿಂದ ಕೇಳಿಕೊಳ್ಳುತ್ತೇನೆ: ನಿಮ್ಮೂರಿನ ಸಭೆಗೆ ಹೋಗಿ ಕೂತುಕೊಳ್ಳಿ. ಕಂಡದ್ದನ್ನು ಬರೆದು, ಯಾವ ಕಂಪನಿಯ ಕೈಗೂ ಸಿಗದ ಒಂದು ಕಡೆ ಇಡಿ. ಪೆನ್ಸಿಲಿನಲ್ಲಿ ಬರೆದ ಕಾಗದವಾದರೂ ಸರಿ, ಡಬ್ಬಿಯಲ್ಲಿಟ್ಟರೂ ಸರಿ. ನಾವು ಇನ್ನೂ ಹುಡುಕುತ್ತಿದ್ದೇವೆ.

ನಿಮ್ಮ ನಂತರ ಹುಟ್ಟಿದ ಮುದುಕಿ,
ಇರಾವತಿ