ಗೂಡಿನಲ್ಲಿ ಬಿಟ್ಟ ಗೇಣು ಜಾಗ

ಕಾಕಾ, ನಿನ್ನ ಪಾದಕ್ಕೆ ಶರಣು.

ನಮ್ಮೂರು ನೆಲೋಗಿಯಿಂದ ಬಸ್ಸು ಹತ್ತಿ ಕಲಬುರಗಿಗೆ ಹೋದಾಗಲೆಲ್ಲ ನೀನು ಪುಸ್ತಕದ ಅಂಗಡಿಯಲ್ಲಿ ನಿಂತೇ ಒಂದು ಪುಟ ಜೋರಾಗಿ ಓದುತ್ತಿದ್ದೆ. ಪಕ್ಕದ ಗಿರಾಕಿ ಕಿವಿಗೊಟ್ಟರೆ ಮಾತ್ರ ಕೊಳ್ಳುತ್ತಿದ್ದೆ. ಮನೆಗೆ ತಂದು, ವಿಭೂತಿ ಹಚ್ಚಿ, ಗೋಡೆಯ ಗೂಡಿನಲ್ಲಿ ಇಡುತ್ತಿದ್ದೆ. ಕೊನೆಯಲ್ಲಿ ಗೇಣು ಜಾಗ ಯಾವಾಗಲೂ ಖಾಲಿ. “ಬರೋ ಪುಸ್ತಕಕ್ಕ ಜಾಗ ಇರ್ಲಿ ಬೇ. ಇಲ್ಲಂದ್ರ ಅದು ಬರಾಂಗಿಲ್ಲ” ಅನ್ನುತ್ತಿದ್ದೆ.

ಸಂಜೆ ಕಟ್ಟೆಯ ಮೇಲೆ ಕೂತು ಓಣಿಯ ಹೆಂಗಸರಿಗೆ ನೀನು ಓದಿ ಹೇಳುತ್ತಿದ್ದುದು, ನೀನು ಶಿವನ ಪಾದ ಸೇರಿದ ಮೇಲೆ ನನ್ನ ಪಾಲಿಗೆ ಬಂತು. ಕೇಳುವವರು ಅದೇ ಹೆಂಗಸರು. ಆದರೆ ಕನ್ನಡಕ ಬದಲಿಸಿದರೂ ನನ್ನ ಕಣ್ಣಿಗೆ ಅಕ್ಷರ ನಿಲ್ಲದಾದವು. ಓದು ನಿಂತಿತು. ನೀನು ಕಟ್ಟಿದ ಕೂಟ ನನ್ನ ಕೈಯಲ್ಲೇ ಮುಗಿಯಿತಲ್ಲ ಎಂದು, ಪೂಜೆಗೆ ಕೂತಾಗಲೂ ಅದೇ ಕೊರಗು.

ಆಗ ಆಳಂದದಲ್ಲಿ ಟೀಚರ್ ಆಗಿರುವ ಮಗಳು ಸಂಗೀತಾ ಒಂದು ಇ-ರೀಡರ್, ಪುಸ್ತಕ ಓದುವ ಮಷೀನು, ತಂದುಕೊಟ್ಟಳು. ಶಾಲೆಯ ಮಕ್ಕಳು ಬರೆಯುವ ಪಾಟಿಗಿಂತ ಸಣ್ಣದು. ಒಳಗೆ ನಿನ್ನ ಗೂಡಿಗಿಂತ ಹೆಚ್ಚು ಪುಸ್ತಕ ಹಿಡಿಯುತ್ತವೆ. ಅಕ್ಷರ ಬೇಕಾದಷ್ಟು ದೊಡ್ಡವಾಗುತ್ತವೆ. ಯಾವ ಪುಣ್ಯಾತ್ಮರು ಮಾಡಿದರೋ!

ಮೊದಲ ವಾರವೇ ಫಜೀತಿ. ನೀನು ಕಲಿಸಿದಂತೆ ಓದುವ ಮುನ್ನ ಅದನ್ನು ಎರಡೂ ಕಣ್ಣಿಗೆ, ಹಣೆಗೆ ಒತ್ತಿಕೊಂಡೆ. ಬೆರಳು ಮುಟ್ಟಿದರೆ ಪುಟ ಹೊರಳುವುದು ಗೊತ್ತಿತ್ತು. ಹಣೆ ಮುಟ್ಟಿದರೂ ಪುಟಗಟ್ಟಲೆ ಮುಂದಕ್ಕೆ ಹೊರಳುತ್ತದೆಂದು ಯಾರು ಬಲ್ಲರು? ಹಿಂದಿನ ದಿನ ನಿಲ್ಲಿಸಿದ ಕಥೆಯನ್ನು ಓದುತ್ತ ಹೋದೆ. ನೆರೆಮನೆಯ ಗುರುಬಾಯಿ ತಡೆದಳು.

“ನಿಂದ್ರವ್ವಾ! ನಿನ್ನಿ ಆಕಿ ಲಗ್ನಾನೇ ಒಲ್ಲೆ ಅಂತಿದ್ಳು. ಇವತ್ತ ಕೂಸಿಗೆ ತೊಟ್ಲಾಗ ಹಾಕಾಕತ್ತಾಳ. ಯಾವಾಗ ಹಡದಳ ಬೇ?”

ಕಟ್ಟೆಯೆಲ್ಲ ನಗು. “ಅದರ ಬೆನ್ನ ಕಡಿ ಹಣಿಗೆ ಒತ್ಕೋ ಯವ್ವಾ” ಎಂದು ಮಗಳು ಫೋನಿನಲ್ಲಿ ಹೇಳಿಕೊಟ್ಟಳು. ಈಗ ಹಾಗೇ ಮಾಡುತ್ತೇನೆ. ಅದೂ ಶಿವನಿಗೆ ಮುಟ್ಟುತ್ತದಲ್ಲವೇ ಕಾಕಾ?

ಪುಸ್ತಕದ ಅಂಗಡಿ ಈಗ ಈ ಮಷೀನಿನೊಳಗೆ ಕಟ್ಟೆಗೇ ಬಂದಿದೆ. ಮೊದಲ ಕೆಲವು ಪುಟ ಪುಕ್ಕಟೆ ಸಿಗುತ್ತವೆ. ನಿನ್ನಂತೆಯೇ ಜೋರಾಗಿ ಓದುತ್ತೇನೆ. ಗುರುಬಾಯಿ “ಮುಂದ?” ಅಂದರೆ ಮಾತ್ರ ಕೊಳ್ಳುವುದು. ಆದರೆ ಹೀಗೆ ಕೊಂಡದ್ದು ಗೂಡಿಗೆ ಬರುವುದಿಲ್ಲ. ನಿನ್ನ ಗೇಣು ಜಾಗ ಹಾಗೆಯೇ ಧೂಳು ಹಿಡಿದರೆ ಎಂಬ ಅಳುಕಿತ್ತು.

ಹೋದ ಸೋಮವಾರ ಆ ಕಥೆ ಮುಗಿಯಿತು. ಗುರುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಇದು ನನ್ನ ಸೊಸಿ ಓದ್ಬೇಕು. ಆ ಮಷೀನ ನೀ ಕೊಡಾಕಿ ಅಲ್ಲ, ಕಾಗದದ್ದ ತರಸು” ಅಂದಳು. ತರಿಸಿದೆ. ಒಂದು ಅವಳ ಸೊಸೆಗೆ, ಒಂದು ನಿನ್ನ ಗೂಡಿಗೆ. ವಿಭೂತಿ ಹಚ್ಚಿ ಇಟ್ಟೆ, ಗೂಡು ತುಂಬಿತು.

ನಾಳೆ ಬಡಿಗ ಬರುತ್ತಾನೆ, ಮೇಲೊಂದು ಹಲಗೆ ಹೊಡೆಯಲು. ಇನ್ನು ಗೇಣಲ್ಲ ಕಾಕಾ, ಇಡೀ ಹಲಗೆ ಖಾಲಿ ಬಿಡುತ್ತೇನೆ.